ಕಂಪ್ಯೂಟರ್‌ನಲ್ಲಿ ಕಾಫಿ ರಾಶಿ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಮೂಡಿಗೆರೆ ಹತ್ತಿರ ನಮ್ಮ ಸೋದರಮಾವನ ಸಣ್ಣ ಕಾಫಿ ಹಲ್ಲಿಂಗ್ (ಬೀಜದ ಸಿಪ್ಪೆ ತೆಗೆಯುವ) ಘಟಕ ಇದೆ. ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ಇರುವ ಒಣ ಬೀಜ, ಸುರಿಯುವ ಹಾಪರ್ (ಕೆಳಗೆ ಬಾಯಿ ಇರುವ ತಗಡಿನ ತೊಟ್ಟಿ) ಆಗಾಗ ಕಟ್ಟಿಕೊಳ್ಳುತ್ತದೆ. ತಗಡು ಕತ್ತರಿಸುವ ಮೊದಲು ಹೊಸ ಹಾಪರನ್ನು ಕಂಪ್ಯೂಟರ್‌ನಲ್ಲಿ ನೋಡೋಣ ಅಂತ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆ. ರೋಬಾಟ್‌ಗಳಿಗೆ ಬಳಸುವ ಒಂದು ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿದರೆ ಕೆಲವು ಬೀಜ ತಗಡನ್ನೇ ದಾಟಿ ಹೊರಗೆ ಬೀಳುತ್ತವೆ. ಕೆಳಗೆ ಬಿದ್ದ ರಾಶಿ ನಡುಗುತ್ತಲೇ ಇರುತ್ತದೆ, ನಿಧಾನಕ್ಕೆ ಹರಡಿ ಚಪ್ಪಟೆಯಾಗುತ್ತದೆ. ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಗೆ ಮುಂದೆ ಸರಿಯುವ ಸಮಯ) ಕಡಿಮೆ ಮಾಡಿದರೆ ರಾತ್ರಿಯಿಡೀ ಓಡಿದರೂ ಮುಗಿಯುವುದಿಲ್ಲ. ಇನ್ನೊಂದು ಸಾಫ್ಟ್‌ವೇರ್‌ಗೆ ಅದೇ ಘರ್ಷಣಾ ಗುಣಾಂಕ ಕೊಟ್ಟರೆ ಉತ್ತರವೇ ಬೇರೆ. ಯಾವುದನ್ನು ನಂಬಲಿ? ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕಾ?

ಉತ್ತರ: ವಸ್ತುಗಳು ತಾಗುವುದನ್ನೂ ಜಾರುವುದನ್ನೂ ಇದ್ದದ್ದು ಇದ್ದ ಹಾಗೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಯಾವುದೂ ಇಲ್ಲ. ಪ್ರತಿಯೊಂದೂ ಎಲ್ಲೋ ಒಂದು ಕಡೆ ಬೇಕೆಂದೇ ಸುಳ್ಳು ಹೇಳುತ್ತದೆ. ಒಂದು ಸಾಫ್ಟ್‌ವೇರ್ ಬೀಜವನ್ನು ಇರುವುದಕ್ಕಿಂತ ಮೆತ್ತಗೆ ಮಾಡುತ್ತದೆ. ಇನ್ನೊಂದು ಘರ್ಷಣೆಯ ನಿಯಮವನ್ನು ಸ್ವಲ್ಪ ತಿರುಚುತ್ತದೆ. ಮತ್ತೊಂದು ಬಲ ಎಲ್ಲಿ ಎಷ್ಟು ಹಂಚಿಹೋಯಿತು ಅನ್ನುವುದನ್ನು ಮನಸ್ಸಿಗೆ ಬಂದಂತೆ ತೀರ್ಮಾನಿಸುತ್ತದೆ. ನಮ್ಮ ಪ್ರಶ್ನೆಗೆ ಪೆಟ್ಟು ಕೊಡದ ಸುಳ್ಳು ಯಾವುದು ಅಂತ ನೋಡಿ ಆರಿಸಿಕೊಳ್ಳಬೇಕು. ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ: ಹಾಪರ್ ಕಟ್ಟುತ್ತದಾ, ಇಲ್ಲವಾ? ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ಮೊದಲು ಇದು ಕಷ್ಟ ಯಾಕೆ ಅಂತ ಹೇಳಿಬಿಡುತ್ತೇನೆ. ಎರಡು ವಸ್ತುಗಳ ನಡುವಿನ ಸಂದು ಸೊನ್ನೆಗಿಂತ ಕಡಿಮೆ ಆಗಬಾರದು. ಅವುಗಳ ನಡುವಿನ ಬಲ ತಳ್ಳಬಹುದು, ಎಳೆಯಬಾರದು. ಸಂದು ಇದ್ದರೆ ಬಲ ಇಲ್ಲ, ಬಲ ಇದ್ದರೆ ಸಂದು ಇಲ್ಲ. ಇಷ್ಟೇ ನಿಯಮ. ಓದಲು ಸುಲಭ, ಬಿಡಿಸಲು ಕಷ್ಟ. ಇಟಲಿಯ ಸಿಗ್ನೊರಿನಿ 1933ರಲ್ಲಿ ಇದನ್ನು ಗಣಿತದ ಸಮಸ್ಯೆಯಾಗಿ ಎತ್ತಿದರು. ಅದಕ್ಕೆ ಉತ್ತರ ಇದೆ, ಒಂದೇ ಇದೆ ಅಂತ ಅವರ ಶಿಷ್ಯ ಫಿಕೆರಾ ಸಾಧಿಸುವಷ್ಟರಲ್ಲಿ 1960ರ ದಶಕ ಬಂದಿತ್ತು. ಅದೂ ಘರ್ಷಣೆ ಇಲ್ಲದ ಸಂದರ್ಭಕ್ಕೆ ಮಾತ್ರ.

ಘರ್ಷಣೆ ಬಂದರೆ ಇನ್ನೂ ಕಷ್ಟ. ನಾವು ಇವತ್ತಿಗೂ ಬಳಸುವುದು ಫ್ರಾನ್ಸಿನ ಕೂಲಂಬ್ 1785ರಲ್ಲಿ ಪ್ರಕಟಿಸಿದ ನಿಯಮವನ್ನೇ. ಅದಕ್ಕೂ ಮೊದಲು, 1699ರಲ್ಲಿ, ಅಮೊಂಟೊನ್ಸ್ ಇದರ ಅರ್ಧ ಹೇಳಿದ್ದರು. ಬೀಜ ಜಾರುತ್ತಿದ್ದರೆ ಘರ್ಷಣೆ ಎಷ್ಟು ಅಂತ ಗೊತ್ತು: ಗುಣಾಂಕವನ್ನು ಒತ್ತುವ ಬಲದಿಂದ ಗುಣಿಸಿದರೆ ಆಯಿತು, ದಿಕ್ಕು ಚಲನೆಗೆ ಎದುರು. ಜಾರದೆ ನಿಂತಿದ್ದರೆ? ಆಗ ಘರ್ಷಣೆ ಸೊನ್ನೆಯಿಂದ ಆ ಮಿತಿಯ ತನಕ ಎಷ್ಟು ಬೇಕಾದರೂ ಇರಬಹುದು. ಬೀಜ ನಿಲ್ಲಲು ಎಷ್ಟು ಬೇಕೋ ಅಷ್ಟು. ವೇಗ ಸೊನ್ನೆ ಅಂತ ಹೇಳಿದರೆ ಬಲ ಎಷ್ಟು ಅಂತ ಹೇಳಲು ಆಗುವುದಿಲ್ಲ. ಕಂಪ್ಯೂಟರ್‌ಗೆ ಇದು ಇಷ್ಟವಿಲ್ಲ. ಅದಕ್ಕೆ ಬೇಕಿರುವುದು ನುಣುಪಾದ ಗೆರೆ. ನಾವು ಕೊಡುತ್ತಿರುವುದು ಸೊನ್ನೆಯ ಹತ್ತಿರ ನೆಟ್ಟಗೆ ಗೋಡೆಯಂತೆ ಏರುವ ಗೆರೆ.

ಈಗ ನಿಮ್ಮ ತೊಂದರೆಗಳಿಗೆ ಬರೋಣ. ಬೀಜ ತಗಡು ದಾಟುವುದು ಎಲ್ಲಕ್ಕಿಂತ ಸುಲಭದ್ದು. ಒಂದು ಮೀಟರ್ ಎತ್ತರದಿಂದ ಬಿದ್ದ ಬೀಜ ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿ ಇರುತ್ತದೆ. ರೋಬಾಟ್ ಸಾಫ್ಟ್‌ವೇರ್‌ಗಳು ತಾವಾಗಿ ಇಟ್ಟುಕೊಂಡಿರುವ ಟೈಮ್ ಸ್ಟೆಪ್ ಕೆಲವು ಮಿಲಿಸೆಕೆಂಡು. 2 ಮಿಲಿಸೆಕೆಂಡು ಅಂದುಕೊಂಡರೂ ಆ ಬೀಜ ಒಂದು ಹೆಜ್ಜೆಗೆ ಸುಮಾರು 9 ಮಿ.ಮೀ. ಹೋಗುತ್ತದೆ. ತಗಡಿನ ದಪ್ಪ ಒಂದೂವರೆ, ಎರಡು ಮಿ.ಮೀ. ಇದ್ದೀತು. ಈ ಹೆಜ್ಜೆಯಲ್ಲಿ ಬೀಜ ತಗಡಿನ ಮೇಲೆ, ಮುಂದಿನ ಹೆಜ್ಜೆಯಲ್ಲಿ ಕೆಳಗೆ. ನಡುವೆ ತಾಗಿದ್ದು ಕಂಪ್ಯೂಟರ್‌ಗೆ ಕಾಣಲೇ ಇಲ್ಲ. ಅರ್ಧ ದಾಟಿದ ಮೇಲೆ ಕಂಡರೂ ತೊಂದರೆ ತಪ್ಪಿದ್ದಲ್ಲ. ಆಗ ಬೀಜಕ್ಕೆ ಹತ್ತಿರ ಇರುವುದು ತಗಡಿನ ಹೊರಮೈ. ಹಾಗಾಗಿ ಸಾಫ್ಟ್‌ವೇರ್ ಅದನ್ನು ಹೊರಕ್ಕೇ ತಳ್ಳುತ್ತದೆ. ಪರಿಹಾರ ಸರಳ. ಗೋಡೆಯನ್ನು ಹೊರಗಡೆಗೆ 20–30 ಮಿ.ಮೀ. ದಪ್ಪ ಮಾಡಿಬಿಡಿ. ಬೀಜಕ್ಕೆ ಕಾಣುವುದು ಒಳಮೈ ಮಾತ್ರ, ಅದು ಎಲ್ಲಿತ್ತೋ ಅಲ್ಲೇ ಇರುತ್ತದೆ.

ನಡುಗುವುದಕ್ಕೆ ಕಾರಣ ಬೇರೆ. ಅದನ್ನು ಹೇಳಬೇಕಾದರೆ ಈ ಸಾಫ್ಟ್‌ವೇರ್‌ಗಳಲ್ಲಿ ಇರುವ ಎರಡು ದೊಡ್ಡ ಪಂಗಡಗಳನ್ನು ಪರಿಚಯ ಮಾಡಿಕೊಡಬೇಕು.

ಒಂದನೆಯ ಪಂಗಡ ಬೀಜವನ್ನು ಮೆತ್ತಗೆ ಮಾಡುತ್ತದೆ. ಎರಡು ಬೀಜ ಒಂದರೊಳಗೊಂದು ಸ್ವಲ್ಪ ನುಗ್ಗಲು ಬಿಟ್ಟು, ನುಗ್ಗಿದಷ್ಟಕ್ಕೆ ಸ್ಪ್ರಿಂಗ್ ಇಟ್ಟು ತಳ್ಳುತ್ತದೆ. ಪೀಟರ್ ಕಂಡಾಲ್ ಮತ್ತು ಓಟ್ಟೊ ಸ್ಟ್ರಾಕ್ 1979ರಲ್ಲಿ ಪ್ರಕಟಿಸಿದ ಕಾಳಿನ ರಾಶಿಯ ವಿಧಾನ ಇದೇ. ಇವತ್ತು ಗಣಿ, ಔಷಧ, ಧಾನ್ಯ ಎಲ್ಲ ಕಡೆ ಇದೇ ನಡೆಯುತ್ತದೆ. ಸ್ಪ್ರಿಂಗ್ ಎಷ್ಟು ಗಟ್ಟಿಯೋ ಟೈಮ್ ಸ್ಟೆಪ್ ಅಷ್ಟು ಚಿಕ್ಕದಾಗಬೇಕು. ನಿಮ್ಮ ರಾತ್ರಿಯಿಡೀ ಓಟದ ಮೂಲ ಇಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಒಂದು ಪಾರ್ಚ್‌ಮೆಂಟ್ ಬೀಜ 0.2 ಗ್ರಾಂ ಅಂದುಕೊಳ್ಳಿ. ಸ್ಪ್ರಿಂಗ್ ಮೀಟರಿಗೆ 1,00,000 ನ್ಯೂಟನ್ ಕೊಟ್ಟರೆ, ಅದರ ಮೇಲೆ ಬೀಜ ಒಮ್ಮೆ ಕಂಪಿಸಿ ಬರಲು ಸುಮಾರು 0.28 ಮಿಲಿಸೆಕೆಂಡು. ಆ ಕಂಪನ ಸರಿಯಾಗಿ ಸಿಕ್ಕಬೇಕಾದರೆ ಟೈಮ್ ಸ್ಟೆಪ್ ಅದರ ಇಪ್ಪತ್ತನೇ ಒಂದು ಭಾಗ ಇರಲಿ. ಅಂದರೆ 14 ಮೈಕ್ರೋಸೆಕೆಂಡು. 10 ಸೆಕೆಂಡಿನ ಓಟಕ್ಕೆ 7 ಲಕ್ಷ ಹೆಜ್ಜೆ! ಈಗ ಸ್ಪ್ರಿಂಗನ್ನು ಹತ್ತು ಪಟ್ಟು ಮೆತ್ತಗೆ ಮಾಡಿ, 10,000 ಇಡಿ. ಹೆಜ್ಜೆಗಳ ಸಂಖ್ಯೆ ಎರಡೂಕಾಲು ಲಕ್ಷಕ್ಕೆ ಇಳಿಯುತ್ತದೆ. ಇಷ್ಟು ಮೆತ್ತಗೆ ಮಾಡಬಹುದಾ? ಒಂದು ಮೀಟರ್ ಎತ್ತರ ತುಂಬಿದ ಪಾರ್ಚ್‌ಮೆಂಟಿನ ಒತ್ತಡ, ಗೋಡೆ ಏನನ್ನೂ ಹೊರುವುದಿಲ್ಲ ಅಂದುಕೊಂಡರೂ, ಸುಮಾರು 4,000 ಪಾಸ್ಕಲ್. ಒಂದು ಬೀಜಕ್ಕೆ ಬರುವ ಜಾಗ 50 ಚದರ ಮಿ.ಮೀ. ಅಂದರೆ ಬಲ 0.2 ನ್ಯೂಟನ್. ಬೀಜ ಒಂದರೊಳಗೊಂದು ನುಗ್ಗುವುದು 0.02 ಮಿ.ಮೀ. 7 ಮಿ.ಮೀ. ಅಗಲದ ಬೀಜಕ್ಕೆ ಇದು ಶೇಕಡಾ 0.3. ಶೇಕಡಾ ಒಂದರ ಒಳಗಿದ್ದರೆ ರಾಶಿಯ ನಡವಳಿಕೆ ಹೆಚ್ಚೇನೂ ಬದಲಾಗುವುದಿಲ್ಲ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಅಂದಾಜು. ಹಾಗಾಗಿ ಧಾರಾಳವಾಗಿ ಮಾಡಬಹುದು. ಇನ್ನೂ ಹತ್ತು ಪಟ್ಟು ಮೆತ್ತಗೆ ಮಾಡಿದರೆ ಮಾತ್ರ ಶೇಕಡಾ 3 ಆಗುತ್ತದೆ. ಆಗ ನೀವು ನೋಡುವುದು ಪಾರ್ಚ್‌ಮೆಂಟ್ ಅಲ್ಲ, ರಬ್ಬರ್.

ಬೀಳುವಾಗ ಇಷ್ಟು ಮೆತ್ತಗಿನ ಬೀಜ ಅರ್ಧ ಮಿ.ಮೀ.ಗಿಂತ ಜಾಸ್ತಿಯೇ ನುಗ್ಗಬಹುದು. ಅದು ಕ್ಷಣಮಾತ್ರ. ಹಾಪರ್ ಕಟ್ಟುವ ಪ್ರಶ್ನೆಗೆ ಇದರಿಂದ ನಷ್ಟವಿಲ್ಲ. ಬೀಜ ಒಡೆಯುತ್ತದಾ ಅಂತ ಕೇಳಿದ್ದರೆ ಇದೇ ಸೆಟ್ಟಿಂಗ್ ಕೆಲಸಕ್ಕೆ ಬರುತ್ತಿರಲಿಲ್ಲ. ಸುಳ್ಳನ್ನು ಪ್ರಶ್ನೆ ನೋಡಿ ಆರಿಸಬೇಕು ಅಂದದ್ದು ಇದಕ್ಕೇ.

ಸ್ಪ್ರಿಂಗ್ ಇದ್ದಲ್ಲಿ ಡ್ಯಾಂಪಿಂಗ್, ಅಂದರೆ ಕಂಪನವನ್ನು ತಗ್ಗಿಸುವ ತಡೆ, ಬೇಕು. ಇಲ್ಲದಿದ್ದರೆ ರಾಶಿ ನಡುಗುತ್ತಲೇ ಇರುತ್ತದೆ. ಎಷ್ಟು ಬೇಕು ಅನ್ನುವುದನ್ನು ಬೀಜ ಎಷ್ಟು ಪುಟಿಯುತ್ತದೆ ಅನ್ನುವುದರಿಂದ ತೆಗೆಯಬಹುದು. ಒಂದು ಬೀಜವನ್ನು ತಗಡಿನ ಮೇಲೆ ಬಿಡಿ. ಬಂದ ವೇಗದ ಹತ್ತರಲ್ಲಿ ಮೂರರಷ್ಟು ವೇಗದಲ್ಲಿ ವಾಪಸ್ಸು ಪುಟಿದರೆ ಡ್ಯಾಂಪಿಂಗ್ ಅನುಪಾತ ಸುಮಾರು 0.36. ಆ ಬೀಜ ಒಂದು ಮೀಟರಿನಿಂದ ಬಿದ್ದು 9 ಸೆಂ.ಮೀ. ಏಳಬೇಕು. ಸಿಮ್ಯುಲೇಶನ್‌ನಲ್ಲೂ ಅಷ್ಟೇ ಏಳುತ್ತದಾ ಅಂತ ಒಂದೇ ಬೀಜ ಹಾಕಿ ಮೊದಲು ನೋಡಿ. ಸಾವಿರಾರು ಬೀಜ ಸುರಿದು ತಲೆ ಕೆಡಿಸಿಕೊಳ್ಳುವವರು ಈ ಒಂದು ಬೀಜದ ಪರೀಕ್ಷೆ ಮಾಡಿರುವುದಿಲ್ಲ.

ಎರಡನೆಯ ಪಂಗಡ ಬೀಜವನ್ನು ಪೂರ್ತಿ ಗಟ್ಟಿಯಾಗಿಯೇ ಇಟ್ಟುಕೊಳ್ಳುತ್ತದೆ. ಸ್ಪ್ರಿಂಗ್ ಇಲ್ಲ. ಒಂದು ಹೆಜ್ಜೆಯಲ್ಲಿ ತಾಗಿದ ಎಲ್ಲ ಜಾಗಗಳನ್ನೂ ಒಟ್ಟಿಗೆ ಹಿಡಿದು, 'ಸಂದು ಇದ್ದರೆ ಬಲ ಇಲ್ಲ' ನಿಯಮವನ್ನು ಎಲ್ಲ ಕಡೆ ಒಮ್ಮೆಗೇ ಪಾಲಿಸುವ ಬಲಗಳನ್ನು ಹುಡುಕುತ್ತದೆ. ಫ್ರಾನ್ಸಿನ ಮೋರೊ ಇದಕ್ಕೆ ಬುನಾದಿ ಹಾಕಿದರು. ಸ್ಟೀವರ್ಟ್ ಮತ್ತು ಟ್ರಿಂಕಲ್ 1996ರಲ್ಲಿ, ಅನಿಟೆಸ್ಕು ಮತ್ತು ಪೋತ್ರಾ 1997ರಲ್ಲಿ ಅದನ್ನು ಎಂಜಿನಿಯರುಗಳು ಬಳಸುವ ರೂಪಕ್ಕೆ ತಂದರು. ಇಲ್ಲಿ ಟೈಮ್ ಸ್ಟೆಪ್ ನೂರು ಪಟ್ಟು ದೊಡ್ಡದಿರಬಹುದು. ಆದರೆ ಒಂದೊಂದು ಹೆಜ್ಜೆಯೂ ದುಬಾರಿ. ರೋಬಾಟ್ ಮತ್ತು ಗೇಮ್ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಈ ಪಂಗಡದವೇ, ಅಥವಾ ಇದರ ಹತ್ತಿರದ ಸಂಬಂಧಿಗಳು.

ಇಲ್ಲಿ ರಾಶಿ ನಡುಗಿದರೆ ಎರಡು ಕಡೆ ನೋಡಿ. ಒಂದು, ಪುಟಿಯುವ ಗುಣವನ್ನು ಅತಿ ಸಣ್ಣ ವೇಗಕ್ಕೂ ಕೊಟ್ಟಿರುತ್ತೀರಿ. ನಿಂತ ಬೀಜವೂ ಗುರುತ್ವದಿಂದ ಪ್ರತಿ ಹೆಜ್ಜೆಗೂ ಒಂದಿಷ್ಟು ವೇಗ ಪಡೆದು ಪುಟಿಯುತ್ತಲೇ ಇರುತ್ತದೆ. ಒಂದು ಮಿತಿಗಿಂತ ಕಡಿಮೆ ವೇಗಕ್ಕೆ ಪುಟಿತ ಸೊನ್ನೆ ಅಂತ ಹೇಳಿ. ಎರಡು, ಒಳಗೆ ನುಗ್ಗಿದ ಬೀಜವನ್ನು ಹೊರಗೆ ತರಲು ಸಾಫ್ಟ್‌ವೇರ್ ಕೊಡುವ ತಳ್ಳು ಜಾಸ್ತಿ ಆಗಿರುತ್ತದೆ. ಅದನ್ನು ಇಳಿಸಿ.

ಇನ್ನು ರಾಶಿ ಹರಡುವ ವಿಷಯ. ನಿಮ್ಮ ಪ್ರಾಜೆಕ್ಟಿಗೆ ನಿಜವಾದ ಅಪಾಯ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಆ ಗೋಡೆಯಂತೆ ಏರುವ ಗೆರೆ ಹೇಳಿದೆನಲ್ಲ, ಅದನ್ನು ತಪ್ಪಿಸಲು ಅನೇಕ ಸಾಫ್ಟ್‌ವೇರ್‌ಗಳು ಗೆರೆಯನ್ನು ಸ್ವಲ್ಪ ಓರೆ ಮಾಡುತ್ತವೆ. ಅತಿ ಸಣ್ಣ ವೇಗದಲ್ಲಿ ಘರ್ಷಣೆ ವೇಗದ ಜೊತೆ ಏರುತ್ತದೆ, ಸೆಕೆಂಡಿಗೆ 1 ಮಿ.ಮೀ. ವೇಗ ಮುಟ್ಟಿದ ಮೇಲೆ ಪೂರ್ತಿ ಮಿತಿ ತಲುಪುತ್ತದೆ ಅಂತ ಇಟ್ಟುಕೊಳ್ಳಿ. ನೋಡಲು ಏನೂ ತೊಂದರೆ ಇಲ್ಲ. ಆದರೆ ಇದರ ಅರ್ಥ ಏನು? ಘರ್ಷಣೆ ಬೇಕಾದರೆ ಜಾರಲೇಬೇಕು. ನಿಂತ ಬೀಜಕ್ಕೆ ಘರ್ಷಣೆ ಸೊನ್ನೆ. ಇಳಿಜಾರಿನಲ್ಲಿ ಕೂತ ಒಂದು ಬೀಜಕ್ಕೆ ಮಿತಿಯ ಅರ್ಧದಷ್ಟು ಘರ್ಷಣೆ ಬೇಕು ಅನ್ನಿ. ಅದನ್ನು ಪಡೆಯಲು ಅದು ಸೆಕೆಂಡಿಗೆ ಅರ್ಧ ಮಿ.ಮೀ. ತೆವಳುತ್ತದೆ. ನಿಮಿಷಕ್ಕೆ 3 ಸೆಂ.ಮೀ. ಇಂತಹ ಸಾವಿರಾರು ಬೀಜ ಸೇರಿದರೆ ರಾಶಿ ನಿಧಾನಕ್ಕೆ ಹರಡದೆ ಇನ್ನೇನು ಮಾಡೀತು?

ಹಾಪರ್ ಕಟ್ಟುವುದು ಹೇಗೆ ಅಂತ ಈಗ ನೆನಪಿಸಿಕೊಳ್ಳಿ. ಬಾಯಿಯ ಮೇಲೆ ಕೆಲವು ಬೀಜ ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟುತ್ತವೆ. ಆ ಕಮಾನನ್ನು ಹಿಡಿದಿರುವುದು ನಿಂತ ಘರ್ಷಣೆ. ತೆವಳುವ ಘರ್ಷಣೆಯಲ್ಲಿ ಕಮಾನು ಕಟ್ಟಿದರೂ ಕೆಲವು ಕ್ಷಣದಲ್ಲಿ ಜಾರಿ ಕುಸಿಯುತ್ತದೆ. ಅಂದರೆ ನೀವು ಎಂಥ ಕೆಟ್ಟ ಹಾಪರ್ ಬರೆದರೂ ನಿಮ್ಮ ಸಾಫ್ಟ್‌ವೇರ್ 'ಕಟ್ಟುವುದಿಲ್ಲ, ತಗಡು ಕತ್ತರಿಸಿ' ಅನ್ನುತ್ತದೆ. ಬೀಜ ತಗಡು ದಾಟಿದರೆ ಕಣ್ಣಿಗೆ ಕಾಣುತ್ತದೆ, ಯಾರೂ ಮೋಸ ಹೋಗುವುದಿಲ್ಲ. ಇದು ಕಾಣುವುದಿಲ್ಲ.

ಕಂಡಾಲ್ ಮತ್ತು ಸ್ಟ್ರಾಕ್ ಇದಕ್ಕೆ ಪರಿಹಾರವನ್ನೂ ಕೊಟ್ಟಿದ್ದಾರೆ. ಒತ್ತುವ ದಿಕ್ಕಿಗೆ ಇರುವಂತೆ ಜಾರುವ ದಿಕ್ಕಿಗೂ ಒಂದು ಸ್ಪ್ರಿಂಗ್ ಇಡಿ. ಎರಡು ಬೀಜ ತಾಗಿದ ಕ್ಷಣದಿಂದ ಎಷ್ಟು ಸರಿದಿವೆ ಅಂತ ಅದು ನೆನಪಿಟ್ಟುಕೊಳ್ಳುತ್ತದೆ. ಸರಿದಷ್ಟಕ್ಕೆ ಎಳೆಯುತ್ತದೆ. ಎಳೆತ ಕೂಲಂಬ್ ಮಿತಿ ದಾಟಿದರೆ ಮಾತ್ರ ಜಾರಲು ಬಿಡುತ್ತದೆ. ಈಗ ವೇಗ ಸೊನ್ನೆ ಇದ್ದರೂ ಘರ್ಷಣೆ ಇರುತ್ತದೆ. ರಾಶಿ ನಿಲ್ಲುತ್ತದೆ, ಕಮಾನೂ ನಿಲ್ಲುತ್ತದೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಈ ನೆನಪಿನ ಸ್ಪ್ರಿಂಗ್ ಇದೆಯಾ ಅಂತ ಮೊದಲು ಹುಡುಕಿ. ಇಲ್ಲದಿದ್ದರೆ ಈ ಕೆಲಸಕ್ಕೆ ಅದನ್ನು ಬಿಡಿ. ಎರಡನೆಯ ಪಂಗಡದ ಶುದ್ಧ ರೂಪಗಳಲ್ಲಿ ನಿಂತ ಘರ್ಷಣೆ ನಿಜವಾಗಿಯೇ ನಿಲ್ಲುತ್ತದೆ. ಆದರೆ ಮುಜೊಕೊದಂಥ ರೋಬಾಟ್ ಸಾಫ್ಟ್‌ವೇರ್ ಲೆಕ್ಕ ಸುಲಭವಾಗಲಿ ಅಂತ ನಿಯಮವನ್ನು ಸ್ವಲ್ಪ ಮೆತ್ತಗೆ ಮಾಡಿಕೊಂಡಿದೆ. ಅಲ್ಲಿ ನಿಧಾನದ ತೆವಳಾಟ ಸಹಜ. ರೋಬಾಟ್ ಕೈ ಒಂದು ಲೋಟ ಎತ್ತಿಡುವ ಕೆಲವು ಸೆಕೆಂಡಿಗೆ ಅದು ಲೆಕ್ಕಕ್ಕಿಲ್ಲ. ಕಾಫಿ ರಾಶಿಗೆ ಲೆಕ್ಕಕ್ಕಿದೆ.

ರಾಶಿ ಹರಡಲು ಇನ್ನೊಂದು ಕಾರಣ ಬೀಜದ ಆಕಾರ. ನೀವು ಗುಂಡು ಹಾಕಿದ್ದೀರಿ ಅಂತ ನನ್ನ ಊಹೆ. ಎಲ್ಲರೂ ಹಾಕುತ್ತಾರೆ, ತಾಗಿದೆಯಾ ಅಂತ ನೋಡುವುದು ಸುಲಭ. ಗುಂಡು ಜಾರದೆ ಉರುಳಿ ಹೋಗುತ್ತದೆ. ಘರ್ಷಣಾ ಗುಣಾಂಕ ಎಷ್ಟು ಏರಿಸಿದರೂ ಉರುಳುವುದು ನಿಲ್ಲುವುದಿಲ್ಲ. ಕಾಫಿ ಬೀಜದ ಒಂದು ಮುಖ ಚಪ್ಪಟೆ. ಪೀಬೆರಿ, ಅಂದರೆ ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ಬೀಜ, ಮಾತ್ರ ದುಂಡಗೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಓರೆ ಬೆಲ್ಟಿನ ಮೇಲೆ ಪೀಬೆರಿಯನ್ನು ಬೇರೆ ಮಾಡಲು ಆಗುವುದು ಇದರಿಂದಲೇ: ಅದು ಉರುಳುತ್ತದೆ, ಚಪ್ಪಟೆ ಬೀಜ ಕೂರುತ್ತದೆ. ಮೂರು ನಾಲ್ಕು ಗುಂಡುಗಳನ್ನು ಅಂಟಿಸಿ ಒಂದು ಬೀಜ ಮಾಡಿ. ಓಟ ಮೂರು ಪಟ್ಟು ನಿಧಾನ ಆಗಬಹುದು, ಆದರೂ ಇದು ಬೇಕೇ ಬೇಕು. ಉರುಳುವುದಕ್ಕೆ ಕೃತಕವಾಗಿ ಒಂದು ತಡೆ ಹಾಕುವ ದಾರಿಯೂ ಇದೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಒಂದು ಸಂಖ್ಯೆಯನ್ನು ತಿರುಗಿಸಿ ತಿರುಗಿಸಿ ಬೇಕಾದ ಉತ್ತರ ತಂದ ಹಾಗೆ ಆಗುತ್ತದೆ.

ಎರಡು ಸಾಫ್ಟ್‌ವೇರ್ ಎರಡು ಉತ್ತರ ಕೊಟ್ಟದ್ದು ಯಾಕೆ? ಹೆಸರು ಹೇಳಿಲ್ಲ ನೀವು. ಆದರೂ ಎಲ್ಲಿ ಹುಡುಕಬೇಕು ಅಂತ ಹೇಳಬಹುದು. ಕೂಲಂಬ್ ನಿಯಮದಲ್ಲಿ ಘರ್ಷಣೆಯ ಮಿತಿ ಎಲ್ಲ ದಿಕ್ಕಿಗೂ ಒಂದೇ, ಅಂದರೆ ಒಂದು ಶಂಕು. ಲೆಕ್ಕ ಸುಲಭ ಮಾಡಲು ಅದನ್ನು ನಾಲ್ಕು ಮುಖದ ಪಿರಮಿಡ್ ಮಾಡುವವರಿದ್ದಾರೆ. ಉದ್ದಕ್ಕೆ ಮತ್ತು ಅಡ್ಡಕ್ಕೆ ಬೇರೆ ಬೇರೆಯಾಗಿ ಮಿತಿ ಹಾಕಿದರೆ, ಗುಣಾಂಕ 0.4 ಅಂತ ಕೊಟ್ಟಿದ್ದರೂ ಓರೆ ದಿಕ್ಕಿನಲ್ಲಿ ಅದು 0.57ರ ತನಕ ಹೋಗುತ್ತದೆ. ಇನ್ನು ಕೆಲವು ಸಾಫ್ಟ್‌ವೇರ್‌ಗಳು ಎಲ್ಲ ಜಾಗದ ಬಲಗಳನ್ನು ಒಂದೊಂದಾಗಿ ಸರಿಮಾಡುತ್ತಾ ಸುತ್ತು ಹಾಕುತ್ತವೆ. ಹತ್ತು ಸುತ್ತಿಗೆ ನಿಲ್ಲಿಸಿದರೆ ಗೇಮ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆಳವಾದ ರಾಶಿಯಲ್ಲಿ ತಳದ ಬೀಜದ ಸುದ್ದಿ ಮೇಲಿನ ಬೀಜಕ್ಕೆ ತಲುಪಿರುವುದೇ ಇಲ್ಲ. ಸುತ್ತುಗಳನ್ನು ಹತ್ತರಿಂದ ಇನ್ನೂರಕ್ಕೆ ಏರಿಸಿ, ಉತ್ತರ ಬದಲಾಗುತ್ತದಾ ನೋಡಿ. ಬದಲಾದರೆ ಮೊದಲಿನದು ಉತ್ತರವೇ ಆಗಿರಲಿಲ್ಲ. ಮೂರನೆಯದು, ಅನಿಟೆಸ್ಕು 2006ರಲ್ಲಿ ಕೊಟ್ಟ ಒಂದು ಸರಳೀಕರಣ. ಲೆಕ್ಕ ತುಂಬಾ ಹಗುರವಾಗುತ್ತದೆ. ಬದಲಿಗೆ ಜಾರುವ ವಸ್ತು ನೆಲದಿಂದ ಕೂದಲೆಳೆಯಷ್ಟು ಮೇಲೆ ತೇಲುತ್ತದೆ. ಗುಣಾಂಕ 0.5, ವೇಗ ಸೆಕೆಂಡಿಗೆ 1 ಮೀಟರ್, ಹೆಜ್ಜೆ 1 ಮಿಲಿಸೆಕೆಂಡು ಆದರೆ ತೇಲುವುದು ಅರ್ಧ ಮಿ.ಮೀ. ಹೆಜ್ಜೆ ಚಿಕ್ಕದಾದರೆ ಅದೂ ಚಿಕ್ಕದು.

ಗಟ್ಟಿ ವಸ್ತುವಿನ ಲೆಕ್ಕದಲ್ಲೇ ಒಂದು ಹಳೆಯ ತೊಡಕು ಇದೆ, ಅದನ್ನೂ ತಿಳಿದಿರಿ. ಫ್ರಾನ್ಸಿನ ಪ್ಯಾನ್‌ಲೆವೆ 1895ರಲ್ಲಿ ತೋರಿಸಿದ್ದು: ಪೂರ್ತಿ ಗಟ್ಟಿ ವಸ್ತು ಮತ್ತು ಕೂಲಂಬ್ ಘರ್ಷಣೆ ಎರಡನ್ನೂ ಒಪ್ಪಿದರೆ ಕೆಲವು ಸ್ಥಿತಿಗಳಲ್ಲಿ ಉತ್ತರವೇ ಇರುವುದಿಲ್ಲ, ಕೆಲವು ಕಡೆ ಎರಡೆರಡು ಇರುತ್ತವೆ. ಜಾರುತ್ತಿರುವ ಒಂದು ಸಾದಾ ಕಂಬಿಗೆ ಈ ತೊಂದರೆ ಬರಬೇಕಾದರೆ ಗುಣಾಂಕ 4/3 ದಾಟಬೇಕು. ನಿಮ್ಮ ಬೀಜಕ್ಕೆ ಅಷ್ಟಿಲ್ಲ. ಆದರೆ ಬಲದ ಬದಲು ಒಂದು ಹೆಜ್ಜೆಯಲ್ಲಿ ಕೊಟ್ಟ ಒಟ್ಟು ತಳ್ಳನ್ನು ಲೆಕ್ಕ ಹಾಕುವ ಪದ್ಧತಿ ಬಲವಾಗಿ ಬೇರೂರಿದ್ದಕ್ಕೆ ಈ ಒಗಟೂ ಒಂದು ಕಾರಣ.

ಇದಕ್ಕಿಂತ ನಿಮಗೆ ಹತ್ತಿರದ ವಿಷಯ ಬಲದ ಹಂಚಿಕೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ಸುಮಾರು 42 ಅಡಿ ಎತ್ತರದ ಕಲ್ಲಿನ ದೀಪಸ್ತಂಭ ಇದೆಯಲ್ಲ, ಅದರ ಬುಡದಲ್ಲಿ ಕಾಗದ ತೂರಿಸಿ ತೋರಿಸುತ್ತಾರೆ. ಕಂಬ ಮತ್ತು ಕಟ್ಟೆ ಎರಡೂ ಪೂರ್ತಿ ಗಟ್ಟಿ ಅಂದುಕೊಳ್ಳಿ. ಬುಡ ಮೂರು ಜಾಗದಲ್ಲಿ ತಾಗಿದ್ದರೆ ಯಾವ ಜಾಗದ ಮೇಲೆ ಎಷ್ಟು ಭಾರ ಅಂತ ಲೆಕ್ಕ ಹೇಳುತ್ತದೆ. ನಾಲ್ಕನೆಯ ಜಾಗವೂ ತಾಗಿತೋ, ಉತ್ತರ ಲೆಕ್ಕವಿಲ್ಲದಷ್ಟು. ಎಲ್ಲವೂ ಸಮೀಕರಣಕ್ಕೆ ಸರಿಯೇ. ಸಾಫ್ಟ್‌ವೇರ್ ಅವುಗಳಲ್ಲಿ ಒಂದನ್ನು ಎತ್ತಿ ಕೊಡುತ್ತದೆ. ಯಾವುದು ಅನ್ನುವುದು ಅದು ಎಲ್ಲಿಂದ ಲೆಕ್ಕ ಶುರು ಮಾಡಿತು ಅನ್ನುವುದರ ಮೇಲೆ. ನಿಮ್ಮ ರಾಶಿಯಲ್ಲಿ ಒಂದೊಂದು ಬೀಜವೂ ಐದಾರು ಕಡೆ ತಾಗಿರುತ್ತದೆ. ಹಾಗಾಗಿ ಎರಡನೆಯ ಪಂಗಡದ ಸಾಫ್ಟ್‌ವೇರ್ 'ಈ ಬೀಜದ ಮೇಲೆ ಇಷ್ಟು ಬಲ' ಅಂದರೆ ನಂಬಬೇಡಿ. ಬೀಜ ಚಲಿಸಿದ ರೀತಿ, ಹೊರಗೆ ಬಂದ ತೂಕ, ತಳದ ಒಟ್ಟು ಭಾರ ಇವನ್ನು ನಂಬಬಹುದು. ಹಲ್ಲರ್ ಜಾಲರಿ ಎಲ್ಲಿ ಸವೆಯುತ್ತದೆ ಅಂತ ನೋಡಬೇಕಾದರೆ ಮೆತ್ತಗಿನ ಪಂಗಡವೇ ಬೇಕು, ಅಥವಾ ವಸ್ತುವನ್ನು ಸಣ್ಣ ಸಣ್ಣ ತುಂಡು ಮಾಡಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ. ಫೈನೈಟ್ ಎಲಿಮೆಂಟ್‌ನಲ್ಲಿ ಮಾಡಿದರೆ ಮೊದಲು ಎರಡು ಗೋಳಗಳನ್ನು ಒಂದಕ್ಕೊಂದು ಒತ್ತಿದಾಗ ಏನಾಗುತ್ತದೆ ಅಂತ ಹರ್ಟ್ಸ್ 1882ರಲ್ಲಿ ಕೊಟ್ಟ ಉತ್ತರ ಬರುತ್ತದಾ ಅಂತ ಪರೀಕ್ಷಿಸಿಕೊಳ್ಳಿ. ಶಿರಾಡಿ ಘಾಟಿ ಇಳಿಯುವ ಲಾರಿಯ ಬ್ರೇಕ್ ಕಿರುಚುವುದು ಇನ್ನೊಂದು ಲೋಕ. ಅಲ್ಲಿ ವೇಗ ಏರಿದ ಹಾಗೆ ಘರ್ಷಣೆ ಇಳಿಯುವುದನ್ನು ಹಿಡಿಯುವ ಮಾದರಿ ಬೇಕು, 1995ರ ಲುಗ್ರೆಯಂಥದ್ದು. ನಿಮಗೆ ಬೇಡ.

ಸರಿ, ಮಾಡುವುದೇನು?

ಕಂಪ್ಯೂಟರ್ ಮುಚ್ಚಿಟ್ಟು ಒಂದು ಕೈಲೆಕ್ಕ ಮಾಡಿ. ಬೆವರ್ಲೂ ಮತ್ತು ಜೊತೆಗಾರರು 1961ರಲ್ಲಿ ದುಂಡು ಬಾಯಿಯಿಂದ ಕಾಳು ಹರಿಯುವ ಸೂತ್ರ ಕೊಟ್ಟಿದ್ದಾರೆ. ಬಾಯಿಯ ವ್ಯಾಸದಿಂದ ಕಾಳಿನ ಗಾತ್ರದ ಸುಮಾರು 1.4 ಪಟ್ಟನ್ನು ಕಳೆಯಿರಿ. ಉಳಿದದ್ದನ್ನು ಎರಡೂವರೆ ಘಾತಕ್ಕೆ ಏರಿಸಿ. ಅದನ್ನು ರಾಶಿಯ ಸಾಂದ್ರತೆ, ಗುರುತ್ವದ ವರ್ಗಮೂಲ ಮತ್ತು 0.58 ಇವುಗಳಿಂದ ಗುಣಿಸಿ. 60 ಮಿ.ಮೀ. ಬಾಯಿ, 8 ಮಿ.ಮೀ. ಬೀಜ, ಘನ ಮೀಟರಿಗೆ 400 ಕಿಲೋ ಅಂದರೆ ಸೆಕೆಂಡಿಗೆ ಸುಮಾರು 0.38 ಕಿಲೋ ಬರುತ್ತದೆ. 50 ಕಿಲೋ ಮೂಟೆ ಎರಡು ನಿಮಿಷ ಚಿಲ್ಲರೆಯಲ್ಲಿ ಖಾಲಿ. ಸಿಮ್ಯುಲೇಶನ್ ಇದರ ಹತ್ತಿರ ಬರದಿದ್ದರೆ ಏನೋ ಎಡವಟ್ಟಾಗಿದೆ. ಒಂದು ಎಚ್ಚರಿಕೆ: ಈ ಸೂತ್ರದಲ್ಲಿ ಘರ್ಷಣೆ ನೇರವಾಗಿ ಕಾಣಿಸುವುದೇ ಇಲ್ಲ. ಹರಿವು ಸರಿ ಬಂತು ಅಂತ ಘರ್ಷಣೆಯೂ ಸರಿ ಇದೆ ಅಂದುಕೊಳ್ಳಬೇಡಿ. ಘರ್ಷಣೆಗೆ ಬೇರೆ ಪರೀಕ್ಷೆ ಬೇಕು.

ಆ ಪರೀಕ್ಷೆಯನ್ನು ಮಾವನ ಕಣದಲ್ಲೇ ಮಾಡಬಹುದು. ಸಣ್ಣ ಹಲಗೆಯ ಅಡಿಗೆ ಮೂರು ಬೀಜ ಅಂಟಿಸಿ. ಒಂದೇ ಬೀಜ ಇಟ್ಟರೆ ಉರುಳಿಬಿಡುತ್ತದೆ. ಹಾಪರಿಗೆ ಬಳಸುವ ತಗಡಿನ ಮೇಲೆ ಹಲಗೆ ಇಟ್ಟು ತಗಡನ್ನು ನಿಧಾನಕ್ಕೆ ಎತ್ತಿ. ಜಾರಿದ ಕೋನದ ಟ್ಯಾನ್ ನಿಮ್ಮ ಗುಣಾಂಕ. 20 ಡಿಗ್ರಿಗೆ ಜಾರಿದರೆ 0.36, 22ಕ್ಕೆ ಜಾರಿದರೆ 0.40. ಹೊಳೆಯುವ ಹೊಸ ತಗಡು ಬೇಡ, ಬಳಸಿ ಸವೆದ ತುಂಡು ತೆಗೆದುಕೊಳ್ಳಿ. ಆಮೇಲೆ ಬಕೆಟ್ಟಿನಿಂದ ಸುರಿದು ರಾಶಿಯ ಇಳಿಜಾರು ಅಳೆಯಿರಿ. ಬೀಜಕ್ಕೂ ಬೀಜಕ್ಕೂ ಇರುವ ಗುಣಾಂಕವನ್ನು, ಸಿಮ್ಯುಲೇಶನ್‌ನ ರಾಶಿಯೂ ಅದೇ ಇಳಿಜಾರಿಗೆ ನಿಲ್ಲುವ ಹಾಗೆ ಹೊಂದಿಸಿ. ನಿಂತ ಮೇಲೆ ಸಿಮ್ಯುಲೇಶನ್‌ನ ಒಳಗಿನ ಸಮಯದಲ್ಲಿ ಐದು ನಿಮಿಷದಷ್ಟು ಓಡಲು ಬಿಡಿ. ಇಳಿಜಾರು ಕಡಿಮೆಯಾಗುತ್ತಾ ಬಂದರೆ ತೆವಳಾಟ ಇನ್ನೂ ಇದೆ ಅಂತ ಅರ್ಥ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ರೋಬಾಟಿನದು ಬಿಡಿ. ಯೇಡ್ ಉಚಿತ, ಕಾಳಿನ ರಾಶಿಗೆಂದೇ ಮಾಡಿದ್ದು. ಕ್ರೋನೊ ಕೂಡ ಉಚಿತ. ಅದರಲ್ಲಿ ಎರಡೂ ಪಂಗಡಗಳಿವೆ: ಮೆತ್ತಗಿನದಕ್ಕೆ ಎಸ್‌ಎಂಸಿ, ಗಟ್ಟಿಯದಕ್ಕೆ ಎನ್‌ಎಸ್‌ಸಿ ಅಂತ ಹೆಸರು. ಒಂದೇ ಹಾಪರನ್ನು ಎರಡರಲ್ಲೂ ಓಡಿಸಿ ಹೋಲಿಸಿದರೆ ಪ್ರಾಜೆಕ್ಟ್ ವರದಿಗೆ ಒಳ್ಳೆಯ ಅಧ್ಯಾಯವೇ ಸಿಗುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಧೈರ್ಯ ಬರುತ್ತದೆ. ಅವುಗಳ ಸುಳ್ಳುಗಳು ಬೇರೆ ಬೇರೆ ಜಾಗದಲ್ಲಿ ಇವೆಯಲ್ಲ.

ಒಂದೇ ಓಟಕ್ಕೆ ತೀರ್ಮಾನ ಮಾಡಬೇಡಿ. ಕಮಾನು ಕಟ್ಟುವುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಅದೇ ಹಾಪರ್, ಅದೇ ಬೀಜ, ತುಂಬಿದ ರೀತಿ ಮಾತ್ರ ಬೇರೆ ಆದರೆ ಒಮ್ಮೆ ಕಟ್ಟುತ್ತದೆ, ಒಮ್ಮೆ ಇಲ್ಲ. ಇಪ್ಪತ್ತು ಬೇರೆ ಬೇರೆ ತುಂಬುವಿಕೆಗೆ ಓಡಿಸಿ, ಎಷ್ಟು ಸಲ ಕಟ್ಟಿತು ಅಂತ ಎಣಿಸಿ. ಬಾಯಿ ಬೀಜದ ಗಾತ್ರದ ಐದಾರು ಪಟ್ಟಿಗಿಂತ ಚಿಕ್ಕದಾಗುತ್ತಾ ಹೋದಂತೆ ಎಣಿಕೆ ಬೇಗ ಏರುವುದು ಕಾಣಬೇಕು.

ಇಪ್ಪತ್ತು ಸಲ ಓಡಿಸಲು ಹೊಸ ಲ್ಯಾಪ್‌ಟಾಪ್ ಬೇಕಾ? ಬೇಡ. ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲೇ, ಪ್ಯಾನ್‌ಲೆವೆ ತಮ್ಮ ಒಗಟು ಬರೆದ ವರ್ಷವೇ, ಧಾನ್ಯದ ಕಣಜಗಳಲ್ಲಿ ಒಂದು ವಿಷಯ ತೋರಿಸಿದ್ದರು. ಆಳ ಹೆಚ್ಚಿದಂತೆ ತಳದ ಒತ್ತಡ ಏರುತ್ತಲೇ ಹೋಗುವುದಿಲ್ಲ. ಗೋಡೆಯ ಘರ್ಷಣೆ ಮೇಲಿನ ಭಾರವನ್ನು ಹೊತ್ತುಕೊಳ್ಳುತ್ತದೆ. ಹಾಗಾಗಿ ನೀವು ಪೂರ್ತಿ ಮೂಟೆ ಸುರಿಯಬೇಕಿಲ್ಲ. 50 ಕಿಲೋ ಅಂದರೆ ಎರಡೂವರೆ ಲಕ್ಷ ಬೀಜ. ಹಾಪರಿನ ಕೆಳಭಾಗ ಮತ್ತು ಅದರ ಮೇಲೆ ಒಂದಿಷ್ಟು ಎತ್ತರ ಸಾಕು, ಹದಿನೈದು ಇಪ್ಪತ್ತು ಸಾವಿರ ಬೀಜದಲ್ಲಿ ಮುಗಿಯುತ್ತದೆ. ಸ್ಪ್ರಿಂಗ್ ಮೆತ್ತಗೆ ಮಾಡಿದ್ದೀರಿ, ಹೆಜ್ಜೆ ದೊಡ್ಡದಾಗಿದೆ. ಸಾಧಾರಣ ಲ್ಯಾಪ್‌ಟಾಪಿಗೆ ಒಂದು ಓಟ ಕೆಲವು ಗಂಟೆಗಳ ಕೆಲಸ.

ಒಂದು ವಿಷಯ ನಿಮ್ಮ ಪತ್ರದಲ್ಲಿ ಇಲ್ಲ, ಮಾವನನ್ನು ಕೇಳಿ: ಹಾಪರ್ ಯಾವ ದಿನಗಳಲ್ಲಿ ಜಾಸ್ತಿ ಕಟ್ಟುತ್ತದೆ? ಸರಿಯಾಗಿ ಒಣಗದ ಪಾರ್ಚ್‌ಮೆಂಟ್ ಬಂದ ದಿನ, ಇಲ್ಲ ಮಳೆಗಾಲದಲ್ಲಿ ಮಾತ್ರ ಅನ್ನುವುದಾದರೆ ಬೀಜಗಳು ಒಂದಕ್ಕೊಂದು ಅಂಟುತ್ತಿವೆ. ಕೂಲಂಬ್ ನಿಯಮದಲ್ಲಿ ಅಂಟು ಇಲ್ಲ. ಆಗ ಮಾದರಿಗೆ ಅದನ್ನು ಬೇರೆ ಸೇರಿಸಬೇಕು, ಮತ್ತು ಮೇಲಿನ ಐದಾರು ಪಟ್ಟಿನ ಲೆಕ್ಕವೂ ಸಾಲದು. ತೇವಾಂಶ ಶೇಕಡಾ 10ರ ಹತ್ತಿರ ಇದ್ದಾಗಲೂ ಕಟ್ಟುತ್ತದಾ, 14–15 ಇದ್ದಾಗ ಮಾತ್ರವಾ ಅಂತ ಗುರುತು ಹಾಕಿಕೊಳ್ಳಲು ಹೇಳಿ. ಘಟಕದಲ್ಲಿ ತೇವಾಂಶ ಮೀಟರ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ದುಡ್ಡಿನಲ್ಲಿ ಒಂದು ಚೂರು ಅದಕ್ಕೆ ಹಾಕಿ.